ಮಧುಮೇಹ ಮತ್ತು ಹೃದಯ: ತಡವಾಗಿ ತಿಳಿದ ನಂಟು

ರೋಗಗಳಿಗೆ ಜನ ಇಟ್ಟ ಹೆಸರುಗಳನ್ನು ಗಮನಿಸುವುದು ಭಾಷೆಯ ವಿದ್ಯಾರ್ಥಿಗೆ ಸ್ವಾರಸ್ಯದ ಕೆಲಸ. ಅರಿಸಿನ ಕಾಮಾಲೆಗೆ ಬಣ್ಣದಿಂದ ಹೆಸರು ಬಂದಿತು, ನಾಯಿಕೆಮ್ಮಿಗೆ ದನಿಯಿಂದ, ಆನೆಕಾಲಿಗೆ ಆಕಾರದಿಂದ. ಮಧುಮೇಹಕ್ಕೆ ಹೆಸರು ಬಂದದ್ದು ರುಚಿಯಿಂದ. ‘ಮೇಹ’ವೆಂದರೆ ಮೂತ್ರ, ‘ಮಧು’ವೆಂದರೆ ಜೇನು. ಕನ್ನಡದ ‘ಸಿಹಿಮೂತ್ರ ರೋಗ’ ಇದರ ನೇರ ಅನುವಾದ. ‘ಸಕ್ಕರೆ ಕಾಯಿಲೆ’ ಇದರ ಮನೆಮಾತಿನ ರೂಪ. ಈಗ ಮನೆಮನೆಯಲ್ಲಿಯೂ ಕೇಳಿಬರುವ ‘ಶುಗರ್’ ಅದರ ಕೊನೆಯ ಸಂಕ್ಷೇಪ. ಗ್ರೀಕರು ‘ಡಯಾಬಿಟಿಸ್’ ಎಂದರು: ಕೊಳವೆಯ ಮೂಲಕ ನೀರು ಹರಿದುಹೋಗುವಂತೆ, ಕುಡಿದದ್ದೆಲ್ಲ ದೇಹವನ್ನು ಹಾದುಹೋಗುವ ವ್ಯಾಧಿ ಎಂದು ಅದರ ಅರ್ಥ. ಮುಂದೆ ಯೂರೋಪಿನ ವೈದ್ಯರು ಅದಕ್ಕೆ ‘ಮೆಲಿಟಸ್’ ಎಂಬ ಲ್ಯಾಟಿನ್ ವಿಶೇಷಣವನ್ನು ಸೇರಿಸಿದರು. ಅದೂ ಜೇನನ್ನೇ ಹೇಳುತ್ತದೆ. ಇಷ್ಟು ಭಾಷೆಗಳ ಇಷ್ಟು ಹೆಸರುಗಳಲ್ಲಿ ಪ್ರತಿಯೊಂದೂ ಮೂತ್ರವನ್ನೋ ಸಕ್ಕರೆಯನ್ನೋ ತೋರಿಸುತ್ತದೆ. ಹೃದಯವನ್ನು ತೋರಿಸುವ ಹೆಸರು ಒಂದೂ ಇಲ್ಲ. ಆದರೆ ಇಂದು ಮಧುಮೇಹವುಳ್ಳವರ ಸಾವಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುತ್ತಿರುವುದು ಹೃದಯ ಮತ್ತು ರಕ್ತನಾಳಗಳ ರೋಗ. ಹೆಸರಿಗೂ ಮರಣಕ್ಕೂ ನಡುವೆ ಇರುವ ಈ ದೂರವನ್ನು ಮನುಷ್ಯನ ತಿಳಿವಳಿಕೆ ಹೇಗೆ ದಾಟಿತು ಎಂಬುದೇ ನಾನು ಹೇಳಲು ಹೊರಟ ಚರಿತ್ರೆ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿಕೊಂಡು ಬಂದವನು. ಈ ವಿಷಯದ ಕಡೆಗೆ ನನ್ನ ಮನಸ್ಸು ತಿರುಗಲು ಕಾರಣ ನನ್ನ ಅಣ್ಣನ ಒಂದು ನೋಟುಪುಸ್ತಕ. ಅವನಿಗೆ ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಇತ್ತು. ಪ್ರತಿ ತಿಂಗಳೂ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿ, ದಿನಾಂಕ, ಬರಿಹೊಟ್ಟೆಯ ಅಂಕಿ, ಊಟದ ನಂತರದ ಅಂಕಿ ಎಂದು ಮೂರು ಕಂಬಸಾಲು ಎಳೆದು ಬರೆದಿಡುತ್ತಿದ್ದ. ಒಂದು ಬೆಳಗ್ಗೆ ಅವನಿಗೆ ಮೈ ಬೆವೆತು ಸುಸ್ತಾಯಿತು. ಎದೆನೋವು ಎಂದು ಅವನು ಹೇಳಲೇ ಇಲ್ಲ. ರಾತ್ರಿಯ ಊಟ ಅರಗಿಲ್ಲವೆಂದ. ಅತ್ತಿಗೆ ಜೀರಿಗೆ ಕಷಾಯ ಮಾಡಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅವನು ಇರಲಿಲ್ಲ. ಆಗಿದ್ದುದು ಹೃದಯಾಘಾತವೆಂದು ವೈದ್ಯರು ಹೇಳಿದಾಗ ನಮಗೆ ಯಾರಿಗೂ ನಂಬಿಕೆ ಬರಲಿಲ್ಲ. ಅವನ ಎದೆಯ ಬಗ್ಗೆ ನಾವು ಯಾರೂ ಯೋಚಿಸಿದವರೇ ಅಲ್ಲ. ಕರ್ಮಾಂತರಗಳು ಮುಗಿದ ಮೇಲೆ ನೋಟುಪುಸ್ತಕವನ್ನು ತಿರುವಿಹಾಕಿದೆ. ಇಪ್ಪತ್ತು ವರ್ಷಗಳ ಸಕ್ಕರೆಯ ಲೆಕ್ಕ ಅಲ್ಲಿತ್ತು. ರಕ್ತದೊತ್ತಡದ ಅಂಕಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಮೊದಲು ನಮ್ಮ ಪ್ರಾಚೀನರ ಮಾತು. ಚರಕಸಂಹಿತೆ ಇಪ್ಪತ್ತು ಬಗೆಯ ಪ್ರಮೇಹಗಳನ್ನು ಹೇಳುತ್ತದೆ. ವಾತದಿಂದ ಹುಟ್ಟುವ ಮಧುಮೇಹ ಅವುಗಳಲ್ಲಿ ಒಂದು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಆ ಕಾಲದ ವೈದ್ಯರು ಗಮನಿಸಿದ್ದರು. ಕೃಶನಾದ ರೋಗಿ, ಸ್ಥೂಲನಾದ ರೋಗಿ ಎಂದು ಎರಡು ವರ್ಗ ಮಾಡಿ, ಇಬ್ಬರಿಗೂ ಬೇರೆ ಬೇರೆ ಚಿಕಿತ್ಸೆ ಬೇಕೆಂದು ತಿಳಿದಿದ್ದರು. ಕುಳಿತಲ್ಲೇ ಕುಳಿತಿರುವ ಸುಖ, ಅತಿನಿದ್ರೆ, ಹೊಸ ಅಕ್ಕಿ, ಮೊಸರು, ಬೆಲ್ಲ ಇವನ್ನು ರೋಗದ ಕಾರಣಗಳಲ್ಲಿ ಎಣಿಸಿದರು. ಸುಶ್ರುತನಂತೂ ಬಡ ರೋಗಿಗೆ ಸಂನ್ಯಾಸಿಯ ವ್ರತವನ್ನೇ ವಿಧಿಸುತ್ತಾನೆ: ಕಾಲಿಗೆ ಪಾದರಕ್ಷೆಯಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷಾನ್ನವನ್ನು ಉಂಡು, ಒಂದು ಗ್ರಾಮದಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು, ಇಲ್ಲವೇ ಬಾವಿ ತೋಡಬೇಕು.

ಇವೆಲ್ಲ ಬಲ್ಲವರಿಗೆ ತಿಳಿದ ವಿಷಯವೇ. ಆದರೆ ಚರಕಸಂಹಿತೆಯ ಸೂತ್ರಸ್ಥಾನದ ೧೭ನೆಯ ಅಧ್ಯಾಯದಲ್ಲಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಒಂದು ಸಂಗತಿ ಉಂಟು. ಆ ಅಧ್ಯಾಯ ಮೊದಲು ತಲೆಯ ರೋಗಗಳನ್ನು, ಆಮೇಲೆ ಐದು ಬಗೆಯ ಹೃದ್ರೋಗಗಳನ್ನು ಹೇಳಿ, ಮುಂದೆ ಮಧುಮೇಹಕ್ಕೂ ಅದರಿಂದ ಏಳುವ ಏಳು ಬಗೆಯ ಹುಣ್ಣುಗಳಿಗೂ ಬರುತ್ತದೆ. ದೇಹದ ಸಾರವಾದ ಓಜಸ್ಸಿನ ನೆಲೆ ಹೃದಯ. ದಾರಿ ಕಟ್ಟಿದಾಗ ವಾಯು ಆ ಓಜಸ್ಸನ್ನು ಎತ್ತಿಕೊಂಡು ಮೂತ್ರಾಶಯಕ್ಕೆ ಹೋಗುತ್ತದೆ. ಆಗ ಮಧುಮೇಹ ಹುಟ್ಟುತ್ತದೆ. ಇದು ಅಲ್ಲಿನ ವಿವರಣೆ. ಹೃದಯದಲ್ಲಿರಬೇಕಾದ ಸಾರ ಮೂತ್ರವಾಗಿ ಹರಿದುಹೋಗುತ್ತದೆ ಎಂಬ ಈ ಚಿತ್ರ ಮನಸ್ಸನ್ನು ಸೆಳೆಯುವಂಥದು. ಆದರೆ ಇದನ್ನು ಹಿಡಿದು ಇಂದಿನ ವಿಜ್ಞಾನವೆಲ್ಲ ಚರಕನಿಗೆ ತಿಳಿದಿತ್ತೆಂದು ಹೇಳಿದರೆ ಚರಕನಿಗೂ ವಿಜ್ಞಾನಕ್ಕೂ ಅನ್ಯಾಯ ಮಾಡಿದಂತೆ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟುವುದು ಅವನ ಕಲ್ಪನೆಯಲ್ಲಿ ಇರಲಿಲ್ಲ. ಹೃದಯವನ್ನೂ ಮಧುಮೇಹವನ್ನೂ ಒಂದೇ ಪುಟದ ಆಸುಪಾಸಿನಲ್ಲಿ ಇಟ್ಟು ಯೋಚಿಸಿದವರು ಇದ್ದರು ಎಂಬಷ್ಟನ್ನು ಮಾತ್ರ ನಾವು ನೆನೆಯಬಹುದು.

ಇನ್ನು ಯೂರೋಪಿನ ಕಡೆಗೆ ನೋಡಿದರೆ, ಎರಡು ರೋಗಗಳ ಚರಿತ್ರೆ ಅಲ್ಲಿ ಎರಡು ಹೊಳೆಗಳಂತೆ ಬೇರೆ ಬೇರೆಯಾಗಿಯೇ ಹರಿಯಿತು. ಕ್ರಿಸ್ತಶಕ ೨ನೆಯ ಶತಮಾನದಲ್ಲಿ ಕಪಡೋಶಿಯದ ಅರೆಟಿಯಸ್, ಮಾಂಸವೇ ಕರಗಿ ಮೂತ್ರವಾಗಿ ಇಳಿಯುವ, ಬೇಗನೆ ಪ್ರಾಣ ತೆಗೆಯುವ ರೋಗವೆಂದು ಇದನ್ನು ವರ್ಣಿಸಿದ. ೧೬೭೪ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ರೋಗಿಯ ಮೂತ್ರ ಆಶ್ಚರ್ಯಪಡುವಷ್ಟು ಸಿಹಿಯೆಂದು ಬರೆದ. ೧೭೭೬ರಲ್ಲಿ ಮ್ಯಾಥ್ಯೂ ಡಾಬ್ಸನ್ ಆ ಸಿಹಿ ಸಕ್ಕರೆಯೇ ಎಂದೂ, ಅದು ರಕ್ತದಲ್ಲಿಯೂ ಇದೆಯೆಂದೂ ತೋರಿಸಿದ. ಇದು ಒಂದು ಹೊಳೆ. ಅದೇ ಕಾಲದಲ್ಲಿ, ೧೭೬೮ರಲ್ಲಿ, ಲಂಡನ್ನಿನ ವೈದ್ಯರ ಸಭೆಯ ಮುಂದೆ ವಿಲಿಯಂ ಹೆಬರ್ಡನ್ ಒಂದು ಪ್ರಬಂಧ ಓದಿದ. ದಿಣ್ಣೆ ಹತ್ತುವಾಗ, ಊಟವಾದ ಮೇಲೆ ನಡೆಯುವಾಗ ಎದೆಯನ್ನು ಹಿಂಡಿದಂತಾಗಿ, ನಿಂತ ಕೂಡಲೇ ಮಾಯವಾಗುವ ನೋವು ಅವನ ವಿಷಯ. ಆದರೆ ಆ ನೋವಿನ ಮೂಲ ಅವನಿಗೆ ತಿಳಿಯಲಿಲ್ಲ. ಮುಂದೆ ಸಿಡುಬಿನ ಲಸಿಕೆಯಿಂದ ಹೆಸರಾದ ಎಡ್ವರ್ಡ್ ಜೆನ್ನರ್, ಹೃದಯಕ್ಕೆ ರಕ್ತ ಒದಗಿಸುವ ಕರೊನರಿ ಧಮನಿಗಳು ಗಟ್ಟಿಯಾಗುವುದೇ ಇದರ ಕಾರಣವಿರಬೇಕೆಂದು ಊಹಿಸಿದ. ಅವನ ಗುರು, ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರನಿಗೆ ಅದೇ ಬೇನೆ ಇದ್ದುದರಿಂದ, ಗುರುವಿನ ಮನಸ್ಸು ನೊಂದೀತೆಂದು ಶಿಷ್ಯ ಅದನ್ನು ಬಹಿರಂಗವಾಗಿ ಹೇಳಲು ಹಿಂಜರಿದ. ೧೭೯೩ರಲ್ಲಿ ಹಂಟರ್ ಆಸ್ಪತ್ರೆಯ ಒಂದು ಸಭೆಯ ವಾಗ್ವಾದದ ನಡುವೆ ಕುಸಿದು ಸತ್ತ. ದೇಹವನ್ನು ಪರೀಕ್ಷಿಸಿದಾಗ ಧಮನಿಗಳು ಎಲುಬಿನಂತೆ ಗಟ್ಟಿಯಾಗಿದ್ದವು. ಇದು ಇನ್ನೊಂದು ಹೊಳೆ.

ಇವೆರಡೂ ಕೂಡುವ ಸೂಚನೆ ೧೯ನೆಯ ಶತಮಾನದ ಕೊನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಣಿಸಿತು. ೧೮೮೩ರಲ್ಲಿ ಫ್ರಾನ್ಸಿನ ವೆರ್ಜೆಲಿ ಎಂಬ ವೈದ್ಯ, ಎದೆನೋವಿನ ರೋಗಿಗಳ ಮೂತ್ರದಲ್ಲಿ ಸಕ್ಕರೆಯನ್ನು ಹುಡುಕುವುದು ಒಳ್ಳೆಯದೆಂದು ಸಲಹೆ ಮಾಡಿದ. ಆದರೆ ಅದು ವ್ಯಾಪಕವಾಗಿ ಹಬ್ಬಲಿಲ್ಲ. ಅದಕ್ಕೆ ಕಾರಣ ವೈದ್ಯರ ಅಲಕ್ಷ್ಯವಷ್ಟೇ ಅಲ್ಲ. ಮಧುಮೇಹ ತಗುಲಿದ ಮಗುವೋ ತರುಣನೋ ಆ ಕಾಲದಲ್ಲಿ ಒಂದೆರಡು ವರ್ಷಗಳಲ್ಲಿ ಮೈಮರೆವಿನ ಸ್ಥಿತಿಗೆ ಜಾರಿ ಸಾಯುತ್ತಿದ್ದ. ಧಮನಿಗಳು ಕೆಡುವುದಕ್ಕೆ ದಶಕಗಳು ಬೇಕು. ರೋಗಿಗೆ ಅಷ್ಟು ಆಯುಸ್ಸೇ ಇರಲಿಲ್ಲ. ವಯಸ್ಸಾದ ರೋಗಿ ಸತ್ತರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುತ್ತಿದ್ದರು.

ಈ ಸ್ಥಿತಿಯನ್ನು ಬದಲಿಸಿದುದು ಇನ್ಸುಲಿನ್. ಕೆನಡಾದ ಟೊರಾಂಟೊ ನಗರದಲ್ಲಿ ೧೯೨೧ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್, ಮ್ಯಾಕ್ಲಿಯಾಡರ ಪ್ರಯೋಗಶಾಲೆಯಲ್ಲಿ, ಮೇದೋಜೀರಕ ಗ್ರಂಥಿಯ ಸಾರವನ್ನು ತೆಗೆಯುವ ಪ್ರಯೋಗಕ್ಕೆ ತೊಡಗಿದರು. ೧೯೨೨ರ ಜನವರಿ ೧೧ರಂದು ಲಿಯೊನಾರ್ಡ್ ಥಾಮ್ಸನ್ ಎಂಬ ೧೪ ವರ್ಷದ ಹುಡುಗನಿಗೆ ಅದನ್ನು ಮೊದಲ ಬಾರಿ ಚುಚ್ಚಿದರು. ಆ ಸಲ ಹೆಚ್ಚು ಪ್ರಯೋಜನವಾಗಲಿಲ್ಲ. ಕಾಲಿಪ್ ಆ ಸಾರವನ್ನು ಶುದ್ಧಗೊಳಿಸಿದ ಮೇಲೆ, ಅದೇ ತಿಂಗಳ ೨೩ರಂದು ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಮುಂದೆ ಹದಿಮೂರು ವರ್ಷ ಬದುಕಿದ. ಮಧುಮೇಹದ ಸಮಸ್ಯೆ ತೀರಿತೆಂದು ಲೋಕ ಹಿಗ್ಗಿತು. ಹಿಗ್ಗಿದುದು ಸಹಜವೇ.

ಆದರೆ ಅಮೆರಿಕದ ಬಾಸ್ಟನ್ನಿನಲ್ಲಿ ಎಲಿಯಟ್ ಜಾಸ್ಲಿನ್ ಎಂಬ ವೈದ್ಯ ತನ್ನ ಒಬ್ಬೊಬ್ಬ ರೋಗಿಯ ವಿವರವನ್ನೂ ದಫ್ತರದಲ್ಲಿ ಬರೆದಿಡುತ್ತಿದ್ದ. ಅವರು ಸತ್ತರೆ ಯಾವುದರಿಂದ ಸತ್ತರೆಂಬುದನ್ನೂ ವಿಚಾರಿಸಿ ಬರೆಯುತ್ತಿದ್ದ. ಆ ದಫ್ತರ ಒಂದು ವಿಚಿತ್ರವಾದ ಬದಲಾವಣೆಯನ್ನು ತೋರಿಸತೊಡಗಿತು. ೨೦ನೆಯ ಶತಮಾನದ ಆರಂಭದಲ್ಲಿ ಅವನ ರೋಗಿಗಳ ಸಾವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಮಧುಮೇಹದ ಮೈಮರೆವಿನಿಂದ ಆದವು. ಶತಮಾನದ ಮಧ್ಯದ ಹೊತ್ತಿಗೆ ಅದು ನೂರರಲ್ಲಿ ಕೆಲವೇ ಸಾವುಗಳಿಗೆ ಇಳಿದಿತ್ತು; ಹೃದಯ, ಮೂತ್ರಪಿಂಡ ಮತ್ತು ರಕ್ತನಾಳಗಳ ರೋಗಗಳು ಸಾವಿನ ಮುಖ್ಯ ಕಾರಣಗಳಾಗಿದ್ದವು. ಮಧುಮೇಹಿಗಳು ಹಿಂದೆ ಮೈಮರೆತು ಸಾಯುತ್ತಿದ್ದರು, ಈಗ ಧಮನಿಗಳು ಗಟ್ಟಿಯಾಗಿ ಸಾಯುತ್ತಿದ್ದಾರೆ ಎಂದು ಜಾಸ್ಲಿನ್ ೧೯೨೭ರಷ್ಟು ಹಿಂದೆಯೇ ಎಚ್ಚರಿಸಿದ್ದ. ಇನ್ಸುಲಿನ್ ರೋಗಿಗೆ ಆಯುಸ್ಸನ್ನು ಕೊಟ್ಟಿತು; ಅದುವರೆಗೆ ಕಾಣದೆ ಇದ್ದ ರೋಗದ ಎರಡನೆಯ ಭಾಗ ಆ ಆಯುಸ್ಸಿನಲ್ಲಿ ಕಣ್ಣಿಗೆ ಬಿತ್ತು.

ಒಬ್ಬ ವೈದ್ಯನ ದಫ್ತರ ಸಂದೇಹವನ್ನು ಹುಟ್ಟಿಸಬಹುದು, ಪ್ರಮಾಣವಾಗಲಾರದು. ವೈದ್ಯನ ಬಳಿಗೆ ಬಾರದವರ ಗತಿ ಏನೆಂಬುದು ಅದರಲ್ಲಿ ಇರುವುದಿಲ್ಲ. ಆ ಪ್ರಮಾಣ ದೊರಕಿದುದು ಬಾಸ್ಟನ್ನಿಗೆ ಸಮೀಪದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. ೧೯೪೮ರಲ್ಲಿ ಅಲ್ಲಿ ಆರಂಭವಾದ ಅಧ್ಯಯನಕ್ಕೆ ೫,೨೦೯ ಗಂಡಸರು ಹೆಂಗಸರು ಸೇರಿಕೊಂಡರು. ಎರಡು ವರ್ಷಕ್ಕೊಮ್ಮೆ ಅವರೆಲ್ಲರ ಪರೀಕ್ಷೆ. ಯಾರಿಗೆ ಯಾವಾಗ ಯಾವ ರೋಗ ಬಂತೆಂಬ ಲೆಕ್ಕ. ಉಪಾಯ ಸರಳವಾದದ್ದು, ಆದರೆ ಅದಕ್ಕೆ ಬೇಕಾದ ತಾಳ್ಮೆ ಅಸಾಧಾರಣವಾದದ್ದು. ಇಂದು ಎಲ್ಲರ ಬಾಯಲ್ಲಿರುವ ‘ಅಪಾಯದ ಅಂಶ’ ಎಂಬ ಪರಿಭಾಷೆ ಬಳಕೆಗೆ ಬಂದುದು ಈ ಅಧ್ಯಯನದ ಕುರಿತು ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರು ೧೯೬೧ರಲ್ಲಿ ಬರೆದ ಲೇಖನದಿಂದ. ೧೯೭೪ರಲ್ಲಿಯೂ ೧೯೭೯ರಲ್ಲಿಯೂ ಅವರು ಮಧುಮೇಹದ ಲೆಕ್ಕವನ್ನು ಪ್ರಕಟಿಸಿದರು. ಮಧುಮೇಹ ಉಳ್ಳವರಿಗೆ ಹೃದಯ ಮತ್ತು ರಕ್ತನಾಳಗಳ ರೋಗ ಬರುವ ಸಂಭವ ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳ ಪಾಲನ್ನು ಕಳೆದ ಮೇಲೂ ಮಧುಮೇಹದ್ದೇ ಆದ ಒಂದು ಪಾಲು ಉಳಿಯಿತು. ಹೃದಯ ಸೋಲುವ ರೋಗವಂತೂ ಗಂಡಸರಲ್ಲಿ ಎರಡು ಪಟ್ಟು, ಹೆಂಗಸರಲ್ಲಿ ಐದು ಪಟ್ಟು ಹೆಚ್ಚಾಗಿ ಕಂಡಿತು. ಹೆಂಗಸರಿಗೆ ಹೃದ್ರೋಗ ಅಪರೂಪ ಎಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಪ್ರಕೃತಿ ಅವರಿಗೆ ಕೊಟ್ಟ ಈ ರಕ್ಷೆಯನ್ನು ಮಧುಮೇಹ ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ ಎಂದು ಫ್ರೇಮಿಂಗ್‌ಹ್ಯಾಮ್ ತೋರಿಸಿತು. ಮನೆಯ ಎಲ್ಲರ ಔಷಧ ನೆನಪಿಟ್ಟುಕೊಂಡು ತನ್ನದನ್ನು ಮರೆಯುವ ನಮ್ಮ ಗೃಹಿಣಿಯರ ಮಟ್ಟಿಗೆ ಇದು ಇಂದಿಗೂ ನೆನಪಿನಲ್ಲಿಡಬೇಕಾದ ಮಾತು.

ಇದೇ ಕಾಲದಲ್ಲಿ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು. ಮಧುಮೇಹ ಹಳೆಯದಾದಂತೆ ನರಗಳು ಮಂಕಾಗುತ್ತವೆ; ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದವರು ನಮ್ಮ ನಡುವೆ ಇದ್ದಾರೆ. ಹೃದಯದ ನೋವನ್ನು ಒಯ್ಯುವ ನರಗಳಿಗೂ ಇದೇ ಗತಿ ಬರಬಹುದು. ಆಗ ಹೃದಯಾಘಾತವಾದರೂ ಎದೆ ನೋಯುವುದಿಲ್ಲ, ಅಥವಾ ಅಷ್ಟಾಗಿ ನೋಯುವುದಿಲ್ಲ. ಬೆವರು, ಆಯಾಸ, ಉಬ್ಬಸ, ಓಕರಿಕೆ, ಅಜೀರ್ಣದಂಥ ಸಂಕಟ ಇಷ್ಟೇ ಕಾಣಿಸಬಹುದು. ಅಣ್ಣನಿಗೆ ಕೊಟ್ಟ ಜೀರಿಗೆ ಕಷಾಯದ ನೆನಪು ನನಗೆ ಇಲ್ಲಿ ಬರುತ್ತದೆ. ಅವನು ನಮ್ಮಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವನ ದೇಹವೇ ಅವನಿಗೆ ಸುದ್ದಿಯನ್ನು ಮುಟ್ಟಿಸಿರಲಿಲ್ಲ.

ನಂಟು ಹೀಗೆ ಸ್ಥಿರಪಟ್ಟ ಮೇಲೆ, ಸಕ್ಕರೆಯನ್ನು ಇಳಿಸಿದರೆ ಹೃದಯವೂ ಉಳಿಯಬೇಕು ಎಂದು ತರ್ಕ ಹೇಳಿತು. ಆದರೆ ಅನುಭವ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ೧೯೬೧ರಲ್ಲಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸೇರಿ ಒಂದು ಪರೀಕ್ಷೆ ಆರಂಭಿಸಿದವು. ೧೯೭೦ರಲ್ಲಿ ಹೊರಬಿದ್ದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಟಾಲ್‌ಬ್ಯುಟಮೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡ ೨೦೪ ಜನರಲ್ಲಿ ೨೬ ಮಂದಿ ಹೃದಯ ಮತ್ತು ರಕ್ತನಾಳದ ರೋಗದಿಂದ ಸತ್ತಿದ್ದರು. ಔಷಧವಿಲ್ಲದ ಹುಸಿಮಾತ್ರೆ ತೆಗೆದುಕೊಂಡ ೨೦೫ ಜನರಲ್ಲಿ ೧೦ ಮಂದಿ ಮಾತ್ರ. ಇದರ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಪರೀಕ್ಷೆಯ ವಿಧಾನವನ್ನೇ ಅನೇಕರು ಆಕ್ಷೇಪಿಸಿದರು. ಅಂಕಿಯನ್ನು ಇಳಿಸುವುದೂ ರೋಗಿಯನ್ನು ಉಳಿಸುವುದೂ ಒಂದೇ ಅಲ್ಲದಿರಬಹುದು ಎಂಬ ಶಂಕೆ ಮಾತ್ರ ಹಾಗೆಯೇ ಉಳಿಯಿತು.

೧೯೯೮ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಫಲ ಪ್ರಕಟವಾಯಿತು. ೧೯೭೭ರಿಂದ ನಡೆದುಬಂದಿದ್ದ ಅದರಲ್ಲಿ ಹೊಸದಾಗಿ ಮಧುಮೇಹ ಕಂಡುಬಂದ ೫,೧೦೨ ಜನರಿದ್ದರು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡ ಮುಂತಾದ ಕಡೆಗಳ ಸೂಕ್ಷ್ಮನಾಳಗಳ ತೊಂದರೆ ನೂರಕ್ಕೆ ೨೫ರಷ್ಟು ಕಡಿಮೆಯಾಗುತ್ತದೆಂದು ಅದು ಸಿದ್ಧಪಡಿಸಿತು. ಹೃದಯಾಘಾತದ ವಿಷಯದಲ್ಲಿ ಲಾಭ ಅಷ್ಟು ನಿಸ್ಸಂದೇಹವಾಗಿರಲಿಲ್ಲ. ಅದೇ ಅಧ್ಯಯನದಲ್ಲಿ ಒಂದು ಗುಂಪಿನವರ ರಕ್ತದೊತ್ತಡವನ್ನು ಚೆನ್ನಾಗಿ ಇಳಿಸಿದಾಗ ಪಾರ್ಶ್ವವಾಯು ನೂರಕ್ಕೆ ೪೪ರಷ್ಟೂ, ಮಧುಮೇಹಕ್ಕೆ ಸಂಬಂಧಿಸಿದ ಸಾವುಗಳು ೩೨ರಷ್ಟೂ ಇಳಿದವು. ಹತ್ತು ವರ್ಷಗಳ ಬಳಿಕ, ೨೦೦೮ರಲ್ಲಿ, ಅದೇ ಜನರನ್ನು ಮತ್ತೆ ನೋಡಿದಾಗ, ಮೊದಲಿನಿಂದ ಸಕ್ಕರೆಯನ್ನು ಹತೋಟಿಯಲ್ಲಿಟ್ಟವರಿಗೆ ಹೃದಯಾಘಾತವೂ ಕಡಿಮೆಯಾಗಿದ್ದುದು ಕಂಡಿತು. ಆದರೆ ಅದೇ ವರ್ಷ ಅಮೆರಿಕದ ಮತ್ತೊಂದು ಪರೀಕ್ಷೆಯಲ್ಲಿ, ರೋಗ ಹಳೆಯದಾಗಿ ಹೃದಯಕ್ಕೆ ಅಪಾಯವಿದ್ದವರ ಸಕ್ಕರೆಯನ್ನು ಆರೋಗ್ಯವಂತರ ಮಟ್ಟಕ್ಕೆ ಇಳಿಸಲು ಹೊರಟಾಗ ಸಾವುಗಳು ಹೆಚ್ಚಾಗಿ, ಆ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ, ಸಕ್ಕರೆಯ ಹತೋಟಿ ಬೇಕು. ಅದು ಬೇಗನೆ ಆರಂಭವಾಗಬೇಕು. ಆದರೆ ಅದೊಂದೇ ಸಾಲದು. ರಕ್ತದೊತ್ತಡ ಮತ್ತು ಕೊಲೆಸ್ಟರಾಲುಗಳ ಕಡೆಗೂ ಅಷ್ಟೇ ನಿಗಾ ಇರಬೇಕು. ಕೊಲೆಸ್ಟರಾಲನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಮಧುಮೇಹಿಗಳ ಮೇಲೆ ಪರೀಕ್ಷಿಸಿದ ಬ್ರಿಟಿಷ್ ಅಧ್ಯಯನವೊಂದು ೨೦೦೩ರಲ್ಲಿ ನಿರೀಕ್ಷೆಗಿಂತ ಮೊದಲೇ ಮುಗಿಯಿತು. ಲಾಭ ಅಷ್ಟು ಸ್ಪಷ್ಟವಾಗಿ ಕಂಡದ್ದೇ ಅದಕ್ಕೆ ಕಾರಣ.

ಹೀಗಾದರೆ ಈ ಎರಡು ರೋಗಗಳ ಸಂಬಂಧವಾದರೂ ಎಂಥದು? ಸಕ್ಕರೆ ತಾಯಿ, ಹೃದ್ರೋಗ ಮಗು ಎಂಬಂಥ ಸಂಬಂಧವೇ? ಭಾಗಶಃ ಹೌದು. ರಕ್ತದಲ್ಲಿ ಮಿತಿಮೀರಿದ ಸಕ್ಕರೆ ನಾಳಗಳ ಒಳಪೊರೆಯನ್ನು ಕೆಡಿಸುತ್ತದೆ. ದೇಹದ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಪೆಡಸುಗೊಳಿಸುತ್ತದೆ. ಆದರೆ ಅವೆರಡೂ ಒಡಹುಟ್ಟಿದವರೂ ಹೌದು. ೧೯೩೬ರಲ್ಲಿ ಲಂಡನ್ನಿನ ಹಿಮ್ಸ್‌ವರ್ತ್, ಕೆಲವು ಮಧುಮೇಹಿಗಳ ದೇಹ ಇನ್ಸುಲಿನ್ನಿಗೆ ಬೇಗ ಓಗೊಡುತ್ತದೆ, ಕೆಲವರದು ಓಗೊಡುವುದಿಲ್ಲ ಎಂದು ತೋರಿಸಿದ್ದ. ೧೯೮೮ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್, ಇನ್ಸುಲಿನ್ನಿಗೆ ಓಗೊಡದ ಈ ಸ್ಥಿತಿಯಿಂದಲೇ ಸಕ್ಕರೆಯ ಏರಿಕೆ, ರಕ್ತದೊತ್ತಡ, ರಕ್ತದ ಕೊಬ್ಬಿನ ಏರುಪೇರು ಮೂರೂ ಒಟ್ಟಾಗಿ ಹುಟ್ಟುತ್ತವೆಂದು ವಾದಿಸಿದ. ೧೯೯೫ರಲ್ಲಿ ಮೈಕೇಲ್ ಸ್ಟರ್ನ್ ಎಂಬಾತ ಇದನ್ನು ಒಂದು ಉಪಮೆಯಲ್ಲಿ ಹೇಳಿದ: ಎರಡು ರೋಗಗಳೂ ಒಂದೇ ಮಣ್ಣಿನಲ್ಲಿ ಬೆಳೆದ ಗಿಡಗಳಿರಬಹುದು. ಮಧುಮೇಹ ಪತ್ತೆಯಾಗುವ ಹೊತ್ತಿಗೆ ಎಷ್ಟೋ ಜನರ ಧಮನಿಗಳು ಆಗಲೇ ಕೆಡತೊಡಗಿರುವುದು ಏಕೆಂಬುದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಮಣ್ಣಿನ ಮಾತು ಬಂದದ್ದರಿಂದ ನಮ್ಮ ನೆಲಕ್ಕೆ ಬರೋಣ. ೧೯೯೬ರಲ್ಲಿ ಬೆಂಗಳೂರಿನಿಂದ ಒಂದು ಮುಖ್ಯವಾದ ಅಧ್ಯಯನ ಹೊರಬಂದಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಅದೇ ಕಾಲೇಜಿನಲ್ಲಿ ಓದಿ ಹೊರದೇಶದಲ್ಲಿ ಹೆಸರಾದ ಸಲೀಂ ಯೂಸುಫ್ ಮೊದಲಾದವರು ಇದನ್ನು ನಡೆಸಿದರು. ಮೊದಲ ಬಾರಿ ಹೃದಯಾಘಾತವಾದ ೨೦೦ ಜನರನ್ನು ಹಾಗೆ ಆಗದ ೨೦೦ ಜನರೊಡನೆ ಹೋಲಿಸಿದಾಗ ಬೀಡಿ ಸಿಗರೇಟಿನ ಚಟ ಮೊದಲ ಶತ್ರುವೆಂದು ಕಂಡಿತು; ರಕ್ತದೊತ್ತಡವೂ ಮಧುಮೇಹವೂ ಅದರ ಜೊತೆಗಿದ್ದವು. ಇಲ್ಲಿಯೇ ಒಂದು ವಿಶೇಷ: ಮಧುಮೇಹವಿಲ್ಲವೆಂದು ನಾವು ನಿಶ್ಚಿಂತೆಯಿಂದಿರುವ ಮಟ್ಟದಲ್ಲಿಯೂ, ಬರಿಹೊಟ್ಟೆಯ ಸಕ್ಕರೆ ಮೇಲೇರಿದಂತೆ ಅಪಾಯವೂ ಏರುತ್ತಿತ್ತು. ೨೦೦೧ರಲ್ಲಿ ಚೆನ್ನೈ ನಗರದ ಒಂದು ಸಮೀಕ್ಷೆಯೂ ಇದೇ ಏಣಿಯನ್ನು ತೋರಿಸಿತು. ಸಕ್ಕರೆ ಸರಿಯಾಗಿರುವವರಲ್ಲಿ ನೂರಕ್ಕೆ ೯.೧, ಗಡಿಯಲ್ಲಿರುವವರಲ್ಲಿ ೧೪.೯, ಮಧುಮೇಹಿಗಳಲ್ಲಿ ೨೧.೪ ಜನರಿಗೆ ಕರೊನರಿ ಧಮನಿಯ ರೋಗವಿತ್ತು. ‘ಇದೆ’ ಮತ್ತು ‘ಇಲ್ಲ’ ಎಂಬ ಎರಡೇ ಪದಗಳಲ್ಲಿ ನಾವು ಹೇಳುವ ಮಾತನ್ನು ರಕ್ತನಾಳಗಳು ಹಾಗೆ ಎಣಿಸುವುದಿಲ್ಲ.

ಅದೇ ೧೯೯೬ರಲ್ಲಿ ಮೈಸೂರಿನಿಂದ ಬಂದ ಫಲಿತಾಂಶ ಇನ್ನೂ ಆಳಕ್ಕೆ ಹೋಗುತ್ತದೆ. ಮಂಡಿಮೊಹಲ್ಲೆಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, ೧೯೩೪ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದು ಕಾಪಾಡಿಕೊಂಡು ಬಂದಿತ್ತು. ಆ ಅಂಕಿಗಳನ್ನು ಬರೆದ ದಾದಿಯರಿಗೆ ಅವು ಮುಂದೆ ಯಾವುದಕ್ಕೆ ಉಪಯೋಗಕ್ಕೆ ಬರುತ್ತವೆಂದು ತಿಳಿದಿರಲು ಸಾಧ್ಯವಿಲ್ಲ. ಇತ್ತ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಗರ್ಭದಲ್ಲಿ ಪೋಷಣೆ ಸಾಲದ ಮಗುವಿಗೆ ಮುಂದೆ ಹೃದ್ರೋಗ, ಮಧುಮೇಹಗಳು ಬರುವ ಸಂಭವ ಹೆಚ್ಚೆಂಬ ವಾದವನ್ನು ಮುಂದಿಟ್ಟಿದ್ದ. ಅವನ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಮತ್ತು ಇತರರು ಮೈಸೂರಿನ ಈ ದಾಖಲೆಗಳನ್ನು ಹಿಡಿದು, ೧೯೩೪ರಿಂದ ೧೯೫೪ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿ ಅದರ ಸಮೀಪದಲ್ಲಿಯೇ ವಾಸವಾಗಿದ್ದ ೫೧೭ ಜನರನ್ನು ಪರೀಕ್ಷಿಸಿದರು. ಹುಟ್ಟುವಾಗ ೨.೫ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನೂರಕ್ಕೆ ೧೧ ಜನರಿಗೆ ಹೃದ್ರೋಗವಿತ್ತು, ೩.೧ ಕಿಲೋ ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ೩ ಜನರಿಗೆ ಮಾತ್ರ. ೧೯೯೮ರಲ್ಲಿ ಅದೇ ದಾಖಲೆಗಳಿಂದ ಮಧುಮೇಹದ ಲೆಕ್ಕ ತೆಗೆದಾಗ ಚಿತ್ರ ಸ್ವಲ್ಪ ಬೇರೆಯಾಗಿತ್ತು: ಹುಟ್ಟುವಾಗ ಉದ್ದದಲ್ಲಿ ಗಿಡ್ಡವಾಗಿ, ಮೈಯಲ್ಲಿ ದುಂಡಾಗಿದ್ದವರಿಗೂ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೂ ಮಧುಮೇಹ ಹೆಚ್ಚಾಗಿ ಬಂದಿತ್ತು. ಒಂದೇ ದಾಖಲೆ ಪುಸ್ತಕ ಎರಡು ರೋಗಗಳಿಗೆ ಎರಡು ದಾರಿಗಳನ್ನು ತೋರಿಸಿತು. ಎರಡೂ ದಾರಿಗಳು ತಾಯಿಯ ಮೈಯ ಸ್ಥಿತಿಗೇ ಹೋಗಿ ಸೇರಿದವು. ಬಸುರಿಯ ಊಟ, ತೂಕ, ಸಕ್ಕರೆ ಇವುಗಳನ್ನು ನೋಡಿಕೊಳ್ಳುವುದೆಂದರೆ ಐವತ್ತು ವರ್ಷಗಳ ಆಚೆಗಿನ ಒಂದು ಹೃದಯವನ್ನು ನೋಡಿಕೊಳ್ಳುವುದೂ ಆಗಬಹುದು. ಎಂದೋ ಬರೆದ ಕೂಸುಗಳ ತೂಕದ ಪಟ್ಟಿ ಜಗತ್ತಿಗೆ ಈ ಅರಿವನ್ನು ಕೊಟ್ಟಿತೆಂಬುದು ಕನ್ನಡಿಗರಾದ ನಮಗೆ ತಿಳಿದಿರಬೇಕಾದ ವಿಷಯ.

ಈ ಚರಿತ್ರೆಯ ಇತ್ತೀಚಿನ ಪ್ರಕರಣದಲ್ಲಿ ಒಂದು ವಿನೋದವೂ ಉಂಟು. ೧೮೩೫ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿಗಳು ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ೧೮೮೬ರಲ್ಲಿ ಜರ್ಮನಿಯ ಫಾನ್ ಮೆರಿಂಗ್, ಅದನ್ನು ತಿನ್ನಿಸಿದರೆ ಮೂತ್ರದಲ್ಲಿ ಸಕ್ಕರೆ ಹೋಗುವುದನ್ನು ಕಂಡ. ಒಂದು ಶತಮಾನ ಕಳೆದ ಮೇಲೆ ಅದೇ ಜಾಡಿನಲ್ಲಿ ಹೊಸ ಔಷಧಗಳು ಸಿದ್ಧವಾದವು. ಮೂತ್ರಪಿಂಡ ಸಕ್ಕರೆಯನ್ನು ಮರಳಿ ಹೀರಿಕೊಳ್ಳದಂತೆ ತಡೆದು ಅದನ್ನು ಹೊರಕ್ಕೆ ಕಳಿಸುವುದು ಅವುಗಳ ಕೆಲಸ. ಸಕ್ಕರೆ ಇಳಿಸುವ ಹೊಸ ಔಷಧಗಳು ಹೃದಯಕ್ಕೆ ಕೆಡುಕು ಮಾಡುವುದಿಲ್ಲವೆಂದು ತೋರಿಸಬೇಕೆಂಬ ನಿಯಮವನ್ನು ಅಮೆರಿಕ ೨೦೦೮ರಲ್ಲಿ ತಂದಿತ್ತು. ಹಾಗೆ ಪರೀಕ್ಷೆಗೆ ಒಳಗಾದ ಎಂಪಾಗ್ಲಿಫ್ಲೋಜಿನ್, ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೃದ್ರೋಗವೂ ಇದ್ದ ಮಧುಮೇಹಿಗಳಲ್ಲಿ ಹೃದಯ ಮತ್ತು ರಕ್ತನಾಳದ ಸಾವುಗಳನ್ನು ನೂರಕ್ಕೆ ೩೮ರಷ್ಟು ಇಳಿಸಿತು. ಕೆಡುಕಿಲ್ಲವೆಂದು ತೋರಿಸಲು ಹೊರಟವರಿಗೆ ಒಳಿತೇ ಕಂಡಿತು. ೨೦೧೯ರಲ್ಲಿ ಇದೇ ವರ್ಗದ ಮತ್ತೊಂದು ಔಷಧ, ಹೃದಯ ಸೋತಿದ್ದ ಆದರೆ ಮಧುಮೇಹವೇ ಇಲ್ಲದ ರೋಗಿಗಳಿಗೂ ನೆರವಾಯಿತು. ಎರಡು ಸಾವಿರ ವರ್ಷ ಯಾವ ಸಿಹಿಮೂತ್ರ ಸಾವಿನ ಲಕ್ಷಣವಾಗಿತ್ತೋ, ಅದನ್ನೇ ಬೇಕೆಂದು ಉಂಟುಮಾಡಿ ವೈದ್ಯರು ಇಂದು ಹೃದಯವನ್ನು ಕಾಪಾಡುತ್ತಿದ್ದಾರೆ.

ಕಾಲ ಮುಗಿಯುತ್ತ ಬಂದಿತು. ಮಧುಮೇಹ ಎಂಬ ಹೆಸರನ್ನು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಅದು ಸುಂದರವಾದ ಹೆಸರು, ಹಳೆಯ ಹೆಸರು. ಅದು ರೋಗದ ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆ ಎಂಬ ನೆನಪು ನಮಗಿದ್ದರೆ ಸಾಕು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ, ಈ ತಿಂಗಳ ಅಂಕಿ ಎಷ್ಟೆಂದು ವಿಚಾರಿಸುವ ಜೊತೆಗೆ, ರಕ್ತದೊತ್ತಡ ಎಷ್ಟಿದೆ, ಕೊಲೆಸ್ಟರಾಲ್ ನೋಡಿಸಿದಿರಾ, ಬೀಡಿ ಸಿಗರೇಟು ಬಿಟ್ಟಿರಾ, ನಡೆಯುತ್ತಿದ್ದೀರಾ ಎಂದೂ ವಿಚಾರಿಸೋಣ. ಕಾರಣವಿಲ್ಲದೆ ಮೈ ಬೆವೆತು ಸುಸ್ತಾಯಿತೆಂದು ಅವರು ಹೇಳಿದರೆ ಕಷಾಯಕ್ಕೆ ಒಲೆ ಹೊತ್ತಿಸುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯೋಣ.

ಅಣ್ಣನ ನೋಟುಪುಸ್ತಕ ಈಗ ನನ್ನ ಬಳಿ ಇದೆ. ಅದರ ಕೊನೆಯ ಕೆಲವು ಹಾಳೆಗಳು ಖಾಲಿ ಇದ್ದವು. ಕಳೆದ ವರ್ಷ ನನಗೂ ಸಕ್ಕರೆ ಇದೆಯೆಂದು ಪರೀಕ್ಷೆಯಿಂದ ತಿಳಿದಾಗ ಆ ಹಾಳೆಗಳಲ್ಲಿಯೇ ನನ್ನ ಲೆಕ್ಕವನ್ನು ಆರಂಭಿಸಿದೆ. ಅವನು ಎಳೆದಿದ್ದ ಮೂರು ಸಾಲುಗಳ ಪಕ್ಕದಲ್ಲಿ ಇನ್ನೆರಡು ಸಾಲುಗಳನ್ನು ಎಳೆದುಕೊಂಡಿದ್ದೇನೆ.

(ಬಾನುಲಿ ಭಾಷಣ)